ರಿಗ್ರೆಟ್ ಅಂದರೆ ಏನು

ಇಂಗ್ಲಿಷಿನ ಒಂದು ವಾಕ್ಯ ಬಾಯಿಪಾಠ ಮಾಡಿಕೊಂಡು ಬಾ, ನಾಳೆ ಎಲ್ಲರ ಮುಂದೆ ನಿಂತು ಹೇಳು, ಕೆಲಸ ಉಳಿಯುತ್ತದೆ ಎಂದು ಎಚ್‌ಆರ್ ನಂದೀಶ್ ಹೇಳಿದಾಗ ಮುನಿರತ್ನಳಿಗೆ ಮೈಯೆಲ್ಲ ಉರಿದುಹೋಯಿತು. ಉರಿಯದೆ ಇನ್ನೇನು? ಅವಳು ಮಾಡಿದ ತಪ್ಪು ಅಂತ ಅವನು ಯಾವುದನ್ನು ಹೇಳುತ್ತಿದ್ದನೋ, ಅದರಿಂದ ಜೀವ ಉಳಿಸಿಕೊಂಡವರಲ್ಲಿ ಅವನೂ ಒಬ್ಬ.

ಹೊಸೂರಿನ ಒಂದು ಬಿಡಿಭಾಗದ ಕಾರ್ಖಾನೆಯಲ್ಲಿ ಮುನಿರತ್ನ ಟ್ರೈನಿ. ಮನೆ ಸಾನಮಾವಿನ ಕಾಡಂಚಿನಲ್ಲಿ. ಕಂಪನಿ ಬಸ್ಸು ಕಾಯಂ ಆದವರಿಗೆ ಮಾತ್ರ, ಟ್ರೈನಿಗಳು ತಮ್ಮ ಪಾಡು ತಾವು ನೋಡಿಕೊಳ್ಳಬೇಕು. ಅವತ್ತು ಅವಳು ಅಪ್ಪನ ಮೊಪೆಡ್ಡಿನಲ್ಲಿ ಬೆಳಗಿನ ಶಿಫ್ಟಿಗೆ ಹೊರಟಿದ್ದಾಗ ತಿರುವಿನಲ್ಲಿ ಆನೆಗಳು ರಸ್ತೆ ದಾಟುತ್ತಿದ್ದವು. ಅವಳ ಊರಿನ ಕಡೆ ಒಂದು ಕಟ್ಟುಪಾಡಿದೆ: ಆನೆಯನ್ನು ಮೊದಲು ನೋಡಿದವರು ಕೊನೆಗೆ ಹೋಗಬೇಕು. ಹಿಂದಿನಿಂದ ಬರುವ ಗಾಡಿಗಳನ್ನು ಕೈ ಅಡ್ಡ ಹಾಕಿ ನಿಲ್ಲಿಸಬೇಕು, ಆನೆಗಳು ಕಾಡು ಸೇರಿದ ಮೇಲೆ ಒಂದೊಂದಾಗಿ ಕಳಿಸಬೇಕು, ಹಿಂದುಳಿದ ಆನೆ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ತಾನು ಹೊರಡಬೇಕು. ಇದನ್ನು ಯಾರೂ ಬರೆದಿಟ್ಟಿಲ್ಲ, ಯಾರೂ ಮೀರುವುದೂ ಇಲ್ಲ.

ಮುನಿರತ್ನ ಮೊಪೆಡ್ಡನ್ನು ಅಡ್ಡ ಹಾಕಿ ರಸ್ತೆಯ ನಡುವೆ ನಿಂತಳು. ರಾಯಕೋಟೆ ಕಡೆಯಿಂದ ಬಿರುಸಾಗಿ ಬಂದದ್ದು ಅವಳ ಕಂಪನಿಯದೇ ಬಸ್ಸು. ನಂದೀಶ್ ಮುಂದಿನ ಸೀಟಿನಲ್ಲಿದ್ದ. ಹೆಂಡತಿಗೆ ರಾಯಕೋಟೆಯ ಬ್ಯಾಂಕಿನಲ್ಲಿ ಕೆಲಸ, ಹಾಗಾಗಿ ಹಾಸನದವನಾದರೂ ಅಲ್ಲೇ ಮನೆ ಮಾಡಿದ್ದ. "ಯಾರಮ್ಮ ಅದು, ದಾರಿ ಬಿಡು" ಎಂದು ಕಿಟಕಿಯಿಂದ ತಲೆ ಹೊರಗೆ ಹಾಕಿ ಗದರಿದ. ಅದೇ ಹೊತ್ತಿಗೆ ಪೊದೆಯಿಂದ ತಾಯಿ ಆನೆ ಮರಿಯೊಂದಿಗೆ ರಸ್ತೆಗೆ ಇಳಿಯಿತು. ಮಹಾರಾಯ ತಲೆ ಒಳಗೆಳೆದುಕೊಂಡ ಅವಸರಕ್ಕೆ ಕನ್ನಡಕ ಹೊರಗೆ ಬಿತ್ತು. ಆನೆಗಳು ಹೋದ ಮೇಲೆ ಅದನ್ನು ಒರೆಸಿ ಅವನ ಕೈಗೆ ಕೊಟ್ಟವಳೂ ಮುನಿರತ್ನಳೇ.

ಬಸ್ಸು ಕಾರ್ಖಾನೆಗೆ ತಡವಾಗಿ ಸೇರಿತು. ಅದರಲ್ಲಿದ್ದವರಿಗೆ ತಡ ಬೀಳಲಿಲ್ಲ, ಬಸ್ಸಿನ ತಡ ಕಂಪನಿಯ ತಡ. ಎಲ್ಲರನ್ನೂ ಕಳಿಸಿ ಕೊನೆಗೆ ಬಂದವಳ ಬೆರಳಿಗೆ ಮಾತ್ರ ಗೇಟಿನ ಹಾಜರಿ ಯಂತ್ರ ಕೆಂಪು ದೀಪ ತೋರಿಸಿತು. ಅವಳಿಗೆ ಅದು ಮೂರನೇ ತಡ. ಮೂರು ಸಲ ತಡವಾದ ಟ್ರೈನಿ ಕಾಯಂ ಆಗುವುದಿಲ್ಲ, ಮನೆಗೆ ಹೋಗಬೇಕು. ಮುಂದಿನ ತಿಂಗಳು ಅವಳು ಕಾಯಂ ಆಗುವುದಿತ್ತು.

"ಸಾರ್, ನೀವೇ ಕಣ್ಣಾರೆ ನೋಡಿದ್ರಲ್ಲ" ಎಂದಳು.

"ನೋಡಿದೆ ಕಣಮ್ಮ. ನಾನು ನೋಡಿದ್ದು ಸಿಸ್ಟಮ್‌ಗೆ ಗೊತ್ತಾಗುತ್ತಾ? ನಾಳೆ ಬೆಳಗಿನ ಮೀಟಿಂಗ್‌ಗೆ ಮ್ಯಾನೇಜರ್ ಬರ್ತಾರೆ. ಮುಂದೆ ನಿಂತು 'ಐ ರಿಗ್ರೆಟ್ ಮೈ ಆಕ್ಷನ್' ಅಂದುಬಿಡು, ಮಿಕ್ಕಿದ್ದು ನಾನು ನೋಡ್ಕೋತೀನಿ."

"ರಿಗ್ರೆಟ್ ಅಂದ್ರೆ ಏನ್ ಸಾರ್? ಸಾರಿ ಅಂತಾನಾ?"

ಪಾಠ ಹೇಳುವ ಅವಕಾಶ ಸಿಕ್ಕಿದ್ದು ನಂದೀಶನಿಗೆ ಖುಷಿಯಾಯಿತು. "ಸಾರಿ ಬೇರೆ. ಕಾಲು ತುಳಿದ್ರೂ ಸಾರಿ ಅಂತೀವಿ. ರಿಗ್ರೆಟ್ ಅಂದ್ರೆ, ಮಾಡಿದ್ದನ್ನ ನೆನೆಸಿಕೊಂಡು, ಅಯ್ಯೋ ಹೀಗೆ ಮಾಡಬಾರದಾಗಿತ್ತು ಅಂತ ಮನಸ್ಸಲ್ಲೇ ನೊಂದುಕೊಳ್ಳೋದು. ತೂಕದ ಮಾತು. ಎಲ್ಲಾದ್ರಕ್ಕೂ ಬಳಸೋ ಹಾಗಿಲ್ಲ."

ಅಷ್ಟು ಚೆನ್ನಾಗಿ ಬಿಡಿಸಿ ಹೇಳಿದವನಿಗೆ ತಾನು ಏನು ಹೇಳಿಸಲು ಹೊರಟಿದ್ದೇನೆಂಬುದು ಹೊಳೆಯಲಿಲ್ಲ. ಓದಿಕೊಂಡವರ ಹಣೆಬರಹವೇ ಇಷ್ಟು.

ಸಂಜೆ ಮನೆಯಲ್ಲಿ ಮುದ್ದೆ ತೊಳಸುತ್ತಿದ್ದ ತಾಯಿ ಪಾಪಮ್ಮನಿಗೆ ಮುನಿರತ್ನ ಎಲ್ಲವನ್ನೂ ಹೇಳಿದಳು. "ಟೀವಿ ನಿಂತೋದಾಗ ತಮಿಳಲ್ಲಿ ಬರ್ತಿತ್ತಲ್ಲಮ್ಮ, ತಡಂಗಲುಕ್ಕು ವರುಂದುಗಿರೋಂ ಅಂತ. ತಡೆ ಆಗಿದ್ದಕ್ಕೆ ನೊಂದ್ಕಂತೀವಿ ಅನ್ನೋ ಅದೇ ಮಾತು."

"ಟೀವಿಯೋರು ಯಾವತ್ತು ನೊಂದ್ಕಂಡ್ರು? ಅಂದ್ಬುಟ್ಟು ಬಾ ಅತ್ಲಾಗೆ. ನಾಲಿಗೆ ಏನು ಸವೆದೋಗ್ತದಾ?"

ನಿಜವೇ ಅನ್ನಿಸಿತು. ಮುನಿರತ್ನ ಆ ಕ್ರಿಯಾಪದವನ್ನು ತನ್ನ ಬದುಕಿಗೆ ಹಾಕಿ ಹಾಕಿ ನೋಡಿದಳು. ಪಾಲಿಟೆಕ್ನಿಕ್ ಅರ್ಧಕ್ಕೆ ಬಿಟ್ಟದ್ದಕ್ಕೆ ಐ ರಿಗ್ರೆಟ್. ಸರಿಯಾಗಿ ಕೂತಿತು. ಹಬ್ಬದ ದಿನ ಅಮ್ಮನ ಮೇಲೆ ಕೂಗಾಡಿದ್ದಕ್ಕೆ ಐ ರಿಗ್ರೆಟ್. ಅದೂ ಕೂತಿತು. ಬಸ್ಸು ನಿಲ್ಲಿಸಿದ್ದಕ್ಕೆ? ನಿಲ್ಲಿಸಬಾರದಾಗಿತ್ತು ಎಂದುಕೊಳ್ಳಲು ನೋಡಿದಳು. ತಾನು ಪಕ್ಕಕ್ಕೆ ಸರಿದಂತೆ, ಬಸ್ಸು ಹಾರನ್ ಹೊಡೆಯುತ್ತ ಮರಿಯ ಮೇಲೆ ನುಗ್ಗಿದಂತೆ, ತಾಯಿ ಆನೆ ಕಿಟಕಿಯ ಕಡೆ ತಿರುಗಿದಂತೆ ಕಂಡಿತು. ಆ ಕಿಟಕಿಯ ಪಕ್ಕ ಅವಳ ಗೆಳತಿ ಸುಷ್ಮಾ ಕೂತಿದ್ದಳು. ಮುನಿರತ್ನಳಿಗೆ ಊಟ ಸೇರಲಿಲ್ಲ.

ಮರುದಿನ ಮೀಟಿಂಗಿನಲ್ಲಿ ಎಲ್ಲರೂ ಸಾಲಾಗಿ ನಿಂತಿದ್ದರು. ಬಸ್ಸಿನವರೂ ಇದ್ದರು, ಒಬ್ಬೊಬ್ಬರೂ ತಮ್ಮ ಶೂಸು ನೋಡಿಕೊಳ್ಳುತ್ತಿದ್ದರು. ನಂದೀಶ್ ಕಣ್ಸನ್ನೆ ಮಾಡಿದ. ಮುನಿರತ್ನ ಮುಂದೆ ಬಂದಳು.

"ಐ ಸ್ಟಾಪ್ಡ್ ದಿ ಬಸ್," ಎಂದಳು. "ಐ ಡು ನಾಟ್ ರಿಗ್ರೆಟ್."

ಮ್ಯಾನೇಜರು ನಂದೀಶನ ಮುಖ ನೋಡಿದರು. ನಂದೀಶ್ ಗಡಿಬಿಡಿಯಲ್ಲಿ ಮುಂದೆ ಬಂದು, "ಹುಡುಗಿಗೆ ಇಂಗ್ಲಿಷ್ ಬರಲ್ಲ ಸಾರ್, ತಪ್ಪಾಗಿ ಹೇಳಿಬಿಟ್ಟಳು" ಎಂದ.

"ಸರ್ಯಾಗೇ ಹೇಳಿವ್ನಿ ಸಾರ್. ಮಾಡಬಾರದಾಗಿತ್ತು ಅಂತ ನೊಂದ್ಕೊಳ್ಳೋದು ತಾನೆ? ನಾನು ನೊಂದ್ಕಂಡ್ರೆ ಬಸ್ಸಲ್ಲಿದ್ದ ನೀವು ಸಾಯ್ಬೇಕಾಗಿತ್ತು ಅಂದಂಗಾಯ್ತದೆ. ನನ್ ಬಾಯಿಂದ ಅದು ಬರಲ್ಲ." ಸಾಲಿನ ಕಡೆ ತಿರುಗಿದಳು. "ಬಸ್ಸಲ್ಲಿದ್ದೋರು ಯಾರಾದ್ರೂ ಹೇಳಿ, ನಾನ್ಯಾಕೆ ಲೇಟಾದೆ ಅಂತ."

ಥೂ, ಎಷ್ಟು ಜನ ಅಲ್ಲಿ. ಒಬ್ಬನಿಗೆ ಕೆಮ್ಮು ಬಂತು, ಇನ್ನೊಬ್ಬ ಟೋಪಿ ಸರಿಮಾಡಿಕೊಂಡ, ಸುಷ್ಮಾ ಶೂಸಿನ ಲೇಸು ಕಟ್ಟಲು ಬಗ್ಗಿದಳು. ಮ್ಯಾನೇಜರು ಗಡಿಯಾರ ನೋಡಿ, ನಿಯಮ ಎಲ್ಲರಿಗೂ ಒಂದೇ ಎಂದು ತಮಿಳಿನಲ್ಲಿ ಹೇಳಿ ಹೊರಟುಹೋದರು. ನಂದೀಶ್ ಕೈ ಚಾಚಿದ. ಮುನಿರತ್ನ ಕೊರಳಿನ ಕಾರ್ಡು ತೆಗೆದು ಅವನ ಕೈಗಿಟ್ಟಳು. ಅವಳ ಮುಖ ನೋಡಲು ಅವನಿಗಾಗಲಿಲ್ಲ.

ಗೇಟಿನವರೆಗೆ ಸುಷ್ಮಾ ಓಡಿಬಂದಳು. ಕಣ್ಣು ತುಂಬಿತ್ತು. "ಎಂಥ ಹಠಾನೇ ನಿಂದು. ಒಂದು ಮಾತು ಹೇಳಿದ್ರೆ ಕೆಲ್ಸ ಉಳೀತಿತ್ತಲ್ಲೇ" ಎಂದಳು.

ಮುನಿರತ್ನ ಮೊಪೆಡ್ಡಿನ ಸ್ಟ್ಯಾಂಡು ತೆಗೆದಳು. "ಹೂಂ ಕಣೇ. ನೀನು ಹೇಳಿದ್ರೂ ಉಳೀತಿತ್ತು."

ಒಳಗೆ ಶಿಫ್ಟಿನ ಸೈರನ್ ಆಯಿತು. ತಡವಾದೀತೆಂದು ಸುಷ್ಮಾ ಕಣ್ಣೊರೆಸಿಕೊಂಡು ಓಡಿದಳು.