ಅಕ್ಕನ ಎರಡನೇ ಬಾಗಿಲು

ನಮ್ಮಕ್ಕ ಅರ್ಥಶಾಸ್ತ್ರಜ್ಞೆ. ಜನ ದಾನ ಯಾಕೆ ಕೊಡುತ್ತಾರೆ, ಯಾಕೆ ಕೊಡುವುದಿಲ್ಲ ಎಂದು ನೋಡುವುದರಲ್ಲೇ ಆಯಸ್ಸು ಸವೆಸಿದವಳು. ನಾನು ಫೋಟೋಗಳಿಗೆ ಕಟ್ಟು ಹಾಕುವವನು. ಕೆಳಗೆ ಅಂಗಡಿ, ಮೇಲೆ ಮನೆ. ಅವಳ ಸಂಶೋಧನೆಗಳಲ್ಲಿ ನನ್ನ ತಲೆಗೆ ಹೋಗಿದ್ದು ಒಂದೇ. ಎರಡು ಬಾಗಿಲಿನ ದೊಡ್ಡ ಅಂಗಡಿಯೊಂದರಲ್ಲಿ, ಒಂದು ಬಾಗಿಲಿಗೆ ಅನಾಥಾಲಯದ ಡಬ್ಬಿ ಹಿಡಿದು ಬಾಯಿಬಿಟ್ಟು ಕೇಳುವ ಹೆಂಗಸನ್ನು ನಿಲ್ಲಿಸಿದ್ದಳಂತೆ. ಬಹಳ ಜನ ಸುತ್ತು ಹಾಕಿಕೊಂಡು ಇನ್ನೊಂದು ಬಾಗಿಲಿನಿಂದ ಜಾರಿಕೊಂಡರಂತೆ. ಜಿಪುಣರು ಎಂದು ನಾನು ನಕ್ಕಿದ್ದಕ್ಕೆ ಅವಳಿಗೆ ಸಿಟ್ಟು ಬಂದಿತ್ತು.

"ಜಿಪುಣರು ಯಾಕೆ ಓಡ್ತಾರೆ? ಇಲ್ಲ ಅಂದು ಮುಂದೆ ಹೋಗ್ತಾರೆ. ಕೇಳಿದ್ರೆ ಕೊಟ್ಟೇಬಿಡ್ತೀವಿ ಅನ್ನೋರೇ ಓಡೋದು" ಎಂದಿದ್ದಳು.

ಅಂಥವಳಿಗೆ ಈ ತಿಂಗಳು ನಿವೃತ್ತಿ. ಜನರ ಪಿಂಚಣಿ ಹೇಗಿರಬೇಕೆಂದು ಸರ್ಕಾರಕ್ಕೇ ಬುದ್ಧಿ ಹೇಳಿದವಳು, ವಿಶ್ವವಿದ್ಯಾಲಯದ ಮನೆ ಬಿಟ್ಟ ಮೇಲೆ ತಾನೆಲ್ಲಿರುವುದು ಎಂದರೆ ಮಾತ್ರ ಊರಾಚೆ ಯಾವುದೋ ಒಂಟಿ ಕೋಣೆ ನೋಡಿದ್ದೇನೆ ಎನ್ನುತ್ತಾಳೆ. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಕಲಗಚ್ಚಿನ ಬಾನಿಗೆ ಬಿತ್ತಂತೆ.

ನಮ್ಮ ಮನೆಯಲ್ಲೇ ಒಂದು ಕೋಣೆ ಖಾಲಿಯಿದೆ. ಭಾನುವಾರ ಅವಳು ನಮ್ಮಲ್ಲಿಗೆ ಬಂದಾಗ ಅದನ್ನು ಹೇಳೋಣವೆಂದು ನಾನು ಬಾಯಿ ತೆರೆದಾಗಲೆಲ್ಲ ಅವಳಿಗೆ ಬಸ್ಸಿಗೆ ಹೊತ್ತಾಗಿಬಿಡುತ್ತದೆ. ಅಂಗಡಿಯ ಮುಂಬಾಗಿಲಲ್ಲಿ ನನ್ನ ಹೆಂಡತಿ ಮಾತಿಗೆ ನಿಲ್ಲಿಸಿಕೊಂಡಾಳೆಂದು, ಮರದ ಪಟ್ಟಿಗಳ ನಡುವೆ ನುಸುಳಿ ಹಿತ್ತಿಲ ಬಾಗಿಲಿನಿಂದಲೇ ಹೊರಟುಬಿಡುತ್ತಾಳೆ. ನನಗೆ ಮೈಯೆಲ್ಲ ಉರಿಯಿತು. ತಮ್ಮನ ಮನೆ ಬೇಡವಾದರೆ ಬೇಡ, ಇನ್ನು ಕೇಳುವವನಲ್ಲ ಎಂದು ಹೆಂಡತಿಯ ಮುಂದೆ ಕೂಗಾಡಿದೆ. ಅವಳು ಗಾಜು ಒರೆಸುತ್ತಾ, ನಿಮ್ಮಕ್ಕ ಯಾವ ಬಾಗಿಲಿನಿಂದ ಹೋಗುತ್ತಾರೆ ಅಂತ ನೋಡಿದ್ದೀರಾ ಎಂದಷ್ಟೇ ಕೇಳಿದಳು.

ನನ್ನ ಮಂದ ಬುದ್ಧಿಗಿಷ್ಟು ಬೆಂಕಿ ಹಾಕ. ಜಿಪುಣರು ಓಡುವುದಿಲ್ಲ ಎಂದವಳು ಅಕ್ಕನೇ ಅಲ್ಲವೇ! ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟೆ.

ಮುಂದಿನ ಭಾನುವಾರ ಮುಂಬಾಗಿಲಲ್ಲಿ ಹೆಂಡತಿ ನಿಂತಳು, ಹಿತ್ತಿಲ ಬಾಗಿಲಲ್ಲಿ ನಾನು. ಅಕ್ಕ ಚೀಲ ಹೆಗಲಿಗೇರಿಸಿಕೊಂಡು ಸರಸರನೆ ಬಂದವಳು ನನ್ನನ್ನು ಕಂಡು ನಿಂತಳು.

"ಎರಡೂ ಕಡೆ ಜನ ನಿಲ್ಸಿದ್ದೀಯೇನೋ?"

"ಯಾಕೆ ಓಡ್ತೀಯಕ್ಕ?"

"ನೀನು ಕೇಳಿದ್ರೆ ನಾನು ಬಂದೇಬಿಡ್ತೀನಿ ಕಣೋ, ಅದಕ್ಕೆ. ಒಂಟಿ ಮುದುಕಿ ಅಂತ ಕನಿಕರಕ್ಕೆ ಕರೀತೀಯ, ಆಮೇಲೆ ಹೇಳಕ್ಕಾಗ್ದೆ ಒದ್ದಾಡ್ತೀಯ. ಕೊಟ್ಟು ಪೇಚಾಡೋರ ಮುಖ ನಾನು ಬೇಕಾದಷ್ಟು ನೋಡಿದ್ದೀನಿ."

ಅಮ್ಮ ಹೋದ ಮೇಲೆ ಕೈಹಿಡಿದು ಶಾಲೆಗೆ ಕರೆದುಕೊಂಡು ಹೋದವಳು ಅವಳು. ಅವಳಿಲ್ಲದ ಮುಪ್ಪು ನನಗೆ ಬೇಡವೇ ಬೇಡ.

"ಇಲ್ಲಿ ಡಬ್ಬಿ ಹಿಡ್ಕೊಂಡು ನಿಂತಿರೋನು ನಾನು" ಎಂದೆ. "ಕೊಡಬೇಕಾದೋಳು ನೀನು. ಬಂದಿರಕ್ಕ."

ಅಕ್ಕ ಚೀಲವನ್ನು ನನ್ನ ಕೆಲಸದ ಮೇಜಿನ ಮೇಲಿಟ್ಟಳು, ಸರಿಯಾಗಿ ಹಸಿ ಅಂಟಿನ ಮೇಲೆ. ಆಮೇಲೆ, ಮೇಲಿನ ಕೋಣೆಯ ಕಿಟಕಿ ಬೀದಿಗೆ ತೆರೆಯುತ್ತದೋ ಹಿತ್ತಿಲಿಗೋ ಎಂದು ವಿಚಾರಿಸಿದಳು.