ತಡೆಯಿಲ್ಲದೆ ಹತ್ತು

ಮೂರನೆಯ ಗುಂಡು ಸಿಕ್ಕಿಹಾಕಿಕೊಂಡಿತು.

ಸಿಕ್ಕಿಹಾಕಿಕೊಳ್ಳುತ್ತದೆ ಎಂದು ರಿತೇಶನಿಗೆ ಗೊತ್ತಿತ್ತು. ಎರಡನೆಯದು ಸಲೀಸಾಗಿ ಹೋದಾಗ, ಇವತ್ತಿನ ಕತೆ ಬೇರೆ ಇರಬಹುದು ಎಂದು ಅರೆಕ್ಷಣ ಆಸೆಪಟ್ಟದ್ದು ಅವನದೇ ತಪ್ಪು. ಟ್ರಿಗರ್ ಒತ್ತಿದ. ಏನೂ ಆಗಲಿಲ್ಲ. ಪಿಸ್ತೂಲಿನ ಮೇಲ್ಭಾಗ ಹಿಂದೆ ಸರಿದದ್ದು ಪೂರ್ತಿ ಮುಂದೆ ಬಾರದೆ, ಬಾಯಿ ಅರ್ಧ ತೆರೆದುಕೊಂಡು ನಿಂತಿತ್ತು. ಒಳಗೆ ಪುಟ್ಟ ಹಿತ್ತಾಳೆಯ ಗುಂಡೊಂದು ಮೂತಿ ಓರೆ ಮಾಡಿಕೊಂಡು ಕೂತಿತ್ತು.

"ಸ್ಟಾಪ್," ಎಂದ ಹಿಂದಿನಿಂದ ಮೇಲ್ವಿಚಾರಕ ನಾರ್ಬರ್ಟ್. "ಪಿಸ್ತೂಲಿನ ಮೂತಿ ಆ ಕಡೆಯೇ ಇರಲಿ. ಬೆರಳು ಹೊರಗೆ. ಮ್ಯಾಗಜೀನ್ ತೆಗೀರಿ."

ರಿತೇಶ ಗುಂಡು ತುಂಬಿದ ಮ್ಯಾಗಜೀನನ್ನು ಹಿಡಿಯೊಳಗಿಂದ ತೆಗೆದ. ಓರೆಯಾದ ಗುಂಡು ಟಣ್ಣೆಂದು ಮೇಜಿನ ಮೇಲೆ ಬಿತ್ತು.

"ಇದು ಎಷ್ಟನೇ ಸಲ ಮಾರಾಯ್ರೆ?"

"ನಲವತ್ತೊಂದು."

"ಲೆಕ್ಕ ಇಟ್ಟಿದ್ದೀರಾ?"

"ಸುಮ್ಮನೆ," ಎಂದ ರಿತೇಶ.

ಸುಮ್ಮನೆ ಅಲ್ಲ. ಅವನ ಬ್ಯಾಗಿನಲ್ಲಿ ಒಂದು ನೋಟ್‌ಬುಕ್ಕೇ ಇತ್ತು. ತಾರೀಕು, ಎಷ್ಟನೆಯ ಗುಂಡು, ಯಾವ ಕಂಪನಿಯದು, ಯಾವ ಮ್ಯಾಗಜೀನು, ಹಿಡಿತ ಬಿಗಿಯೋ ಸಡಿಲವೋ, ಎಣ್ಣೆ ಹಾಕಿದ್ದೋ ಇಲ್ಲವೋ, ಎಲ್ಲಕ್ಕೂ ಒಂದೊಂದು ಕಾಲಂ. ಗಲ್ಫಿನ ಈ ಊರಿನ ಅಲ್ ಕೂಜ್ ಬಡಾವಣೆಯ ಅಲ್ಯೂಮಿನಿಯಂ ಕಿಟಕಿಗಳ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ಅವನ ಕೆಲಸ ಇದೇ: ಯಾರೋ ಮಾಡಿದ ಕಿಟಕಿಯನ್ನು ಎತ್ತಿ ತಿರುಗಿಸಿ ನೋಡಿ, ದೋಷ ಕಂಡರೆ ಕೆಂಪು ಚೀಟಿ ಅಂಟಿಸಿ, ಕಾರಣ ಬರೆಯುವುದು. ಅಲ್ಲಿ ಆ ಕೆಲಸ ಮಾಡುವಾಗ ಅವನಿಗೆ ಆಕಳಿಕೆ ಬರುತ್ತಿತ್ತು. ಇಲ್ಲಿ ಅದನ್ನೇ ಮಾಡುವಾಗ ಎದೆ ಹಗುರವಾಗುತ್ತಿತ್ತು. ಶನಿವಾರ ಬೆಳಿಗ್ಗೆ ಅಲ್ ನಹ್ದಾದ ಫ್ಲ್ಯಾಟಿನಿಂದ ಹೊರಟು ಮರಳುಗಾಡಿನ ಅಂಚಿನ ಈ ಶೂಟಿಂಗ್ ಕ್ಲಬ್ಬು ಮುಟ್ಟುವವರೆಗಿನ ಒಂದು ಗಂಟೆ ಅವನು ಕಾರಿನಲ್ಲಿ ಒಬ್ಬನೇ ಹಾಡುತ್ತಿದ್ದ. ನಲವತ್ತನಾಲ್ಕನೇ ವಯಸ್ಸಿಗೆ ಅವನಿಗೆ ಇದ್ದ ಸುಖವೆಂದರೆ ಈ ಕೆಟ್ಟ ಪಿಸ್ತೂಲು.

ಇವತ್ತು ಹಾಡಿರಲಿಲ್ಲ. ಪಕ್ಕದಲ್ಲಿ ಮಗಳಿದ್ದಳು.

ತೃಷಾಗೆ ಹದಿನಾಲ್ಕು. ಗಾಜಿನ ಗೋಡೆಯ ಆಚೆ, ನೋಡುವವರಿಗೆಂದು ಹಾಕಿದ ಕುರ್ಚಿಯಲ್ಲಿ ಮೊಬೈಲ್ ಹಿಡಿದು ಕೂತಿದ್ದಳು. ತಾನಾಗಿ ಬಂದವಳಲ್ಲ. "ಪಪ್ಪ ಅಷ್ಟು ದೂರ ಹೋಗಿ ಎಂತ ಮಾಡ್ತಾರೆ ಅಂತ ಒಂದು ದಿನ ನೋಡಿಕೊಂಡು ಬಾ," ಎಂದು ಪ್ರಫುಲ್ಲಾ ಅಟ್ಟಿದ್ದಳು. ಆ ಮಾತಿನಲ್ಲಿ ಅನುಮಾನವಿತ್ತೋ ಅಕ್ಕರೆಯಿತ್ತೋ ರಿತೇಶನಿಗೆ ತಿಳಿಯಲಿಲ್ಲ. ಹೆಂಡತಿಯನ್ನು ಕೇಳುವ ಅಭ್ಯಾಸವೂ ತಪ್ಪಿಹೋಗಿತ್ತು.

ಅವಳು ಬಂದದ್ದು ಇವತ್ತೇ ಆಗಬೇಕೆ? ಕ್ಲಬ್ಬಿನ ನಿಯಮ ಸರಳವಾಗಿತ್ತು. ಸ್ವಂತ ಪಿಸ್ತೂಲು ತೆಗೆದುಕೊಂಡ ಹೊಸ ಸದಸ್ಯ ಅದನ್ನು ಕ್ಲಬ್ಬಿನ ಲಾಕರಿನಲ್ಲೇ ಇಡಬೇಕು, ಹೊರಗೆ ಒಯ್ಯುವಂತಿಲ್ಲ. ಅರುವತ್ತು ದಿನದೊಳಗೆ ಮೇಲ್ವಿಚಾರಕನ ಎದುರು, ಒಂದೇ ಬಾರಿಗೆ, ತಡೆಯಿಲ್ಲದೆ ಹತ್ತು ಗುಂಡು ಹಾರಿಸಿ ತೋರಿಸಬೇಕು. ಆಗದಿದ್ದರೆ ಪಿಸ್ತೂಲು ಅಂಗಡಿಗೆ ವಾಪಸ್ಸು, ಲಾಕರು ಮತ್ತೊಬ್ಬರಿಗೆ. ಇವತ್ತು ಐವತ್ತೊಂಬತ್ತನೇ ದಿನ. ನಾಳೆ ಕ್ಲಬ್ಬಿಗೆ ರಜೆ. ಒಂದೇ ಬಾರಿಗೆ ಅವನಿಂದ ಹೆಚ್ಚೆಂದರೆ ಐದು ಗುಂಡು ಹಾರಿದ್ದವು.

ಪಿಸ್ತೂಲು ಹೋದರೆ ಶನಿವಾರ ಹೋಗುತ್ತದೆ. ಶನಿವಾರ ಹೋದರೆ ಉಳಿಯುವುದು ಏನು ಎಂದು ಯೋಚಿಸಲು ಅವನಿಗೆ ಧೈರ್ಯವಿರಲಿಲ್ಲ. ಅದನ್ನು ಮಗಳ ಎದುರಿಗೇ ಕಳೆದುಕೊಳ್ಳುವುದು ಇನ್ನೂ ಕಷ್ಟ.

"ಹನ್ನೆರಡಕ್ಕೆ ರೇಂಜ್ ಬಂದ್," ಎಂದ ನಾರ್ಬರ್ಟ್. "ಇನ್ನೊಂದು ಚಾನ್ಸ್ ಉಂಟು. ಆಮೇಲೆ ಖಲಾಸ್."

ನಾರ್ಬರ್ಟ್ ಕರಾವಳಿಯ ಕುಲಶೇಖರದವನು. ಗಲ್ಫಿಗೆ ಬಂದು ಹದಿನಾರು ವರ್ಷ. ಹೊಟ್ಟೆ ಮುಂದೆ ಬಂದಿದ್ದರೂ ಬೆರಳುಗಳು ಮಾತ್ರ ಇನ್ನೂ ಬಲು ಚುರುಕು. ಈ ಎರಡು ತಿಂಗಳು ಅವನು ರಿತೇಶನ ಕೈಯನ್ನೇ ದೂರಿದ್ದ: ಹಿಡಿತ ಸಡಿಲ, ಮಣಿಕಟ್ಟು ಮೆತ್ತಗೆ, ಪಿಸ್ತೂಲಿಗೆ ಹಿಂದೆ ಒದೆಯಲು ಗಟ್ಟಿ ಆಧಾರ ಸಿಕ್ಕುತ್ತಿಲ್ಲ. ರಿತೇಶ ಅದನ್ನು ನಂಬಿ ಮನೆಯಲ್ಲಿ ಟೆನಿಸ್ ಚೆಂಡು ಹಿಸುಕಿದ. ಆಮೇಲೆ ಗುಂಡಿನ ಕಂಪನಿ ಬದಲಾಯಿಸಿದ. ಆಮೇಲೆ ಎಣ್ಣೆ ಸಾಲದೆಂದು ಎಣ್ಣೆ ಹಾಕಿದ. ಸರಿಹೋಗದಾಗ ಇನ್ನಷ್ಟು ಹಾಕಿದ. ಮ್ಯಾಗಜೀನ್ ಸರಿಯಾಗಿ ಕೂರುತ್ತಿಲ್ಲವೇನೋ ಎಂದು ಅಂಗೈಯಿಂದ ಗುದ್ದಿ ಕೂರಿಸಿದ. ಒಂದು ಸಲಕ್ಕೆ ಒಂದೇ ಬದಲಾವಣೆ. ಕಾರ್ಖಾನೆಯಲ್ಲಿ ಹುಡುಗರಿಗೆ ಅವನೇ ಕಲಿಸುವ ಪಾಠ. ನೋಟ್‌ಬುಕ್ಕು ತುಂಬಿತು. ಗುಂಡು ಸಿಕ್ಕಿಹಾಕಿಕೊಳ್ಳುತ್ತಲೇ ಇತ್ತು.

"ಮತ್ತೊಂದು ಮ್ಯಾಗಜೀನ್ ಹಾಕಿ ನೋಡಿದ್ರಲ್ಲ?"

"ಎರಡರಲ್ಲೂ ಹಾಗೇ."

"ಅದೇ ನನಗೆ ತಲೆಗೆ ಹೋಗುದಿಲ್ಲ. ಒಂದು ಮ್ಯಾಗಜೀನ್ ಕೆಡ್ತದೆ. ಎರಡೂ ಒಟ್ಟಿಗೆ ಹೇಗೆ ಕೆಡ್ತದೆ?" ನಾರ್ಬರ್ಟ್ ಎರಡನ್ನೂ ಎತ್ತಿಕೊಂಡ. "ಬನ್ನಿ, ಬಿಚ್ಚುವ."

ರಿತೇಶ ಮ್ಯಾಗಜೀನಿನತ್ತ ಚಾಚಿದ ಕೈಯನ್ನು ಹಿಂದಕ್ಕೆ ತೆಗೆದ.

"ಬಿಚ್ಚಲೇಬೇಕಾ?"

"ಯಾಕೆ, ನೀವು ಇದುವರೆಗೆ ಬಿಚ್ಚಲಿಲ್ವಾ?"

"ಹೊರಗಿಂದ ಒರೆಸಿದ್ದೇನೆ."

ನಾರ್ಬರ್ಟ್ ಅವನ ಮುಖವನ್ನೇ ನೋಡಿದ. ರಿತೇಶ ಗಡಿಯಾರ ನೋಡಿದ. ಹನ್ನೊಂದೂಕಾಲು.

ರಿಪೇರಿಯ ಮೇಜು ಗಾಜಿನ ಆಚೆ, ತೃಷಾ ಕೂತ ಕುರ್ಚಿಯ ಹತ್ತಿರವೇ ಇತ್ತು.

"ಬೋರ್ ಆಯ್ತಾ?" ಎಂದ ರಿತೇಶ.

"ಇಟ್ಸ್ ಓಕೆ."

"ಹಸಿವು?"

"ಐ ಆಮ್ ಫೈನ್, ಪಪ್ಪಾ."

ಇಷ್ಟಕ್ಕೆ ಅವರ ಮಾತು ಮುಗಿಯಿತು. ಮನೆಯಲ್ಲೂ ಸುಮಾರಾಗಿ ಇಷ್ಟೇ.

ನಾರ್ಬರ್ಟ್ ಮ್ಯಾಗಜೀನಿನ ಬುಡದ ಮುಚ್ಚಳ ಜಾರಿಸಿ, ಒಳಗಿನ ಸ್ಪ್ರಿಂಗು ಹಾರದಂತೆ ಹೆಬ್ಬೆರಳು ಅಡ್ಡವಿಟ್ಟು ಎಳೆದ. ಸ್ಪ್ರಿಂಗು ಬಂತು. ಅದರ ತುದಿಯಲ್ಲಿ ಗುಂಡುಗಳನ್ನು ಮೇಲಕ್ಕೆ ತಳ್ಳುವ ಪ್ಲಾಸ್ಟಿಕ್ಕಿನ ತಟ್ಟೆ ಬರಬೇಕಿತ್ತು. ಅದು ಬರಲಿಲ್ಲ. ಪೆನ್ಸಿಲಿನಿಂದ ನೂಕಿದಾಗ ಪಚಕ್ಕೆಂದು ಹೊರಬಿತ್ತು. ತಟ್ಟೆಯ ಮೈತುಂಬ ಕೆಂಪು ಮಿಶ್ರಿತ ಕಂದು ಬಣ್ಣದ ಹಿಟ್ಟಿನಂಥದು ಎಣ್ಣೆಯಲ್ಲಿ ಕಲಸಿ ಮೆತ್ತಿಕೊಂಡಿತ್ತು.

"ಇದೆಂತ?"

"ಧೂಳಿರಬೇಕು. ಮರಳು..."

ನಾರ್ಬರ್ಟ್ ಮೂಗಿನ ಹತ್ತಿರ ಹಿಡಿದ. "ಮರಳಿಗೆ ಇಷ್ಟು ಪರಿಮಳ ಉಂಟಾ?"

ನಾರ್ಬರ್ಟ್ ಎರಡನೆಯದನ್ನೂ ಬಿಚ್ಚಿದ. ಅದೇ ಬಣ್ಣ, ಅದೇ ಪರಿಮಳ. ಅದರಲ್ಲಿ ಒಂದು ಒಣಗಿದ ಸೇವಂತಿಗೆ ಎಸಳೂ ಇತ್ತು.

"ರಿತೇಶಣ್ಣ," ಎಂದ ನಾರ್ಬರ್ಟ್ ಬಹಳ ಮೆತ್ತಗೆ, "ನೀವು ಇದಕ್ಕೆ ಪೂಜೆ ಮಾಡಿದ್ದೀರಾ?"

ತೃಷಾ ಮೊಬೈಲಿನಿಂದ ತಲೆಯೆತ್ತಿದಳು.

ಪಿಸ್ತೂಲು ಕೈಗೆ ಬಂದ ಮೂರನೇ ದಿನವೇ ಆಯುಧ ಪೂಜೆ ಬಂದಿತ್ತು. ಪ್ರಫುಲ್ಲಾ ಕಾರಿನಿಂದ ಹಿಡಿದು ಮಿಕ್ಸಿಯವರೆಗೆ ಎಲ್ಲಕ್ಕೂ ಗಂಧ ಕುಂಕುಮ ಹಚ್ಚಿದಳು. ಲ್ಯಾಪ್‌ಟಾಪು, ವಾಷಿಂಗ್ ಮೆಷಿನ್ನು, ತೃಷಾಳ ಜ್ಯಾಮಿಟ್ರಿ ಬಾಕ್ಸು, ಯಾವುದೂ ಉಳಿಯಲಿಲ್ಲ. "ನಿಮ್ಮದೊಂದು ಆಯುಧ ಬಿಟ್ಟುಹೋಗುದು ಬೇಡ," ಎಂದು ತೇಯ್ದ ಗಂಧವನ್ನು ಖಾಲಿಯಾದ ವಿಕ್ಸ್ ಡಬ್ಬಿಯಲ್ಲಿ ತುಂಬಿ, ಕುಂಕುಮದ ಪೊಟ್ಟಣ, ಎರಡು ಹೂವು ಕೊಟ್ಟು ಕಳಿಸಿದಳು. ಮನೆಯಲ್ಲಿ ನಿಜಕ್ಕೂ ಆಯುಧ ಎನ್ನಬಹುದಾದದ್ದು ಅದೊಂದೇ ಆಗಿತ್ತು, ಅದೇ ಮನೆಯಲ್ಲಿರಲಿಲ್ಲ. ರಿತೇಶ ದೇವರನ್ನು ನಂಬುವವನಲ್ಲ. ಆದರೂ ಲಾಕರ್ ಕೋಣೆಯಲ್ಲಿ ಡಬ್ಬಿ ತೆರೆದ. ಯಾರಾದರೂ ಕಂಡರೆ? ಹೊರಗೆ ಹಚ್ಚಿದರೆ ನಗುತ್ತಾರೆ. ಅದಕ್ಕೆ ಯಾರಿಗೂ ಕಾಣದ ಜಾಗ ಹುಡುಕಿದ. ಮ್ಯಾಗಜೀನಿನ ಬಾಯಿಂದ ಬೆರಳು ತೂರಿಸಿ, ಆ ತಟ್ಟೆಗೆ ಧಾರಾಳವಾಗಿ ಗಂಧ ಬಳಿದು, ಮೇಲೆ ಕುಂಕುಮ ಉದುರಿಸಿದ. ಒಂದಕ್ಕೆ ಮಾಡಿ ಇನ್ನೊಂದಕ್ಕೆ ಮಾಡದಿದ್ದರೆ ಸರಿಯಲ್ಲವೆಂದು ಎರಡಕ್ಕೂ ಮಾಡಿದ.

ಇದನ್ನು ನೋಟ್‌ಬುಕ್ಕಿನಲ್ಲಿ ಬರೆದಿರಲಿಲ್ಲ. ಇಂಥದಕ್ಕೆ ಅಲ್ಲಿ ಕಾಲಂ ಇರಲಿಲ್ಲ.

"ಸ್ವಲ್ಪ," ಎಂದ ರಿತೇಶ. "ಸ್ವಲ್ಪವೇ ಹಚ್ಚಿದ್ದು."

"ಪಪ್ಪಾ! ಯೂ ಪುಟ್ ಕುಂಕುಮ ಇನ್‌ಸೈಡ್ ಅ ಗನ್?"

"ಅಮ್ಮ ಕೊಟ್ಟಿದ್ದಳು."

ತೃಷಾ ಬಾಯಿಗೆ ಕೈ ಅಡ್ಡ ಹಿಡಿದಳು. ಪ್ರಯೋಜನವಾಗಲಿಲ್ಲ. ಕಿಸಕ್ಕೆಂದು ನಕ್ಕಳು, ಆಮೇಲೆ ಕುರ್ಚಿಯಲ್ಲೇ ಬಗ್ಗಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಾರ್ಬರ್ಟ್ ಮೇಜು ಗುದ್ದಿ ನಗತೊಡಗಿದ. "ನೀವೊಬ್ಬರೇ ಅಲ್ಲ ಮಾರಾಯ್ರೆ. ನಾನು ಹೊಸ ಕಾರು ತೆಗೊಂಡಾಗ ತೆರೆಸಾ ಹಟ ಮಾಡಿ ಪಾದ್ರಿಗಳ ಹತ್ರ ಬ್ಲೆಸ್ಸಿಂಗ್ ಮಾಡಿಸಿದ್ಲು. ತೀರ್ಥ ನೇರ ಹೋಗಿ ರಿಮೋಟ್ ಕೀಯ ಒಳಗೆ. ಚರ್ಚಿನ ಎದುರು ಬಿಸಿಲಲ್ಲಿ ಎರಡು ಗಂಟೆ, ನಾನು, ನನ್ನ ಹೆಂಡತಿ, ಬೀಗ ಬಿದ್ದ ಕಾರು."

ರಿತೇಶನೂ ನಕ್ಕ. ಮೊದಲು ಮರ್ಯಾದೆಗೆಂದು ನಕ್ಕ. ಆಮೇಲೆ ತಡೆಯಲಾಗಲಿಲ್ಲ. ಎರಡು ತಿಂಗಳು, ನಲವತ್ತೊಂದು ಸಲ, ಟೆನಿಸ್ ಚೆಂಡು, ಎಲ್ಲವೂ ಒಟ್ಟಿಗೆ ನೆನಪಾಗಿ ಕಣ್ಣಲ್ಲಿ ನೀರು ಬಂತು. ಮಗಳು ಅವನ ತೋಳು ಹಿಡಿದುಕೊಂಡು ನಗುತ್ತಿದ್ದಳು. ಅವಳು ಹಾಗೆ ಮುಟ್ಟಿ ಎಷ್ಟು ದಿನವಾಗಿತ್ತೋ.

"ಯಲ್ಲಾ, ಬೇಗ ಬೇಗ, ಟೈಮ್ ಇಲ್ಲ," ಎಂದ ನಾರ್ಬರ್ಟ್.

ಮೂವರೂ ಕೂತು ತೊಳೆದರು. ನಾರ್ಬರ್ಟ್ ದ್ರಾವಣ ಸುರಿದ, ರಿತೇಶ ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ಒಳಗೋಡೆ ಉಜ್ಜಿದ, ತೃಷಾ ಹತ್ತಿ ಸುತ್ತಿದ ಕಡ್ಡಿಯಿಂದ ತಟ್ಟೆಯ ಮೂಲೆ ಮೂಲೆ ಕೆದಕಿದಳು. "ಮಮ್ಮಿ ಮಸ್ಟ್ ನೆವರ್ ನೋ," ಎಂದಳು. "ಗೊತ್ತಾದರೆ ಏನು?" ಎಂದ ರಿತೇಶ. "ಶೀ ವಿಲ್ ಸೇ ಪೂಜೆ ಸರಿಯಾಗಲಿಲ್ಲ, ಮತ್ತೆ ಮಾಡಿ." ಮತ್ತೆ ನಗು. ಹಳದಿ ಚಿಂದಿ ಬಟ್ಟೆಯೆಲ್ಲ ಕೆಂಪಾಯಿತು. ಮ್ಯಾಗಜೀನನ್ನು ಒಣಗಿಸಿ, ಒಂದು ಹನಿ ಎಣ್ಣೆಯೂ ಹಾಕದೆ ಮರಳಿ ಜೋಡಿಸಿದರು. ತಟ್ಟೆಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಟಪ್ಪೆಂದು ಮೇಲೆ ಬರುತ್ತಿತ್ತು. ರಿತೇಶ ಅದನ್ನು ಹತ್ತಾರು ಸಲ ಒತ್ತಿ ಒತ್ತಿ ಬಿಟ್ಟ.

ಹನ್ನೊಂದು ಐವತ್ತು. ತೃಷಾಗೂ ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕೊಟ್ಟು ನಾರ್ಬರ್ಟ್ ಅವಳನ್ನು ಒಳಗೆ, ಕೆಂಪು ಗೆರೆಯ ಹಿಂದೆ ನಿಲ್ಲಿಸಿಕೊಂಡ. ಇಪ್ಪತ್ತೈದು ಮೀಟರ್ ದೂರದಲ್ಲಿ ತಂತಿಗೆ ಹೊಸ ಗುರಿಹಾಳೆ ತೂಗುತ್ತಿತ್ತು. ಅಗಲವಾದ ಬಿಳಿ ಕಾಗದ, ವೃತ್ತದೊಳಗೆ ವೃತ್ತ, ನಡುವೆ ಕಪ್ಪು.

ಒಂದು. ಪಿಸ್ತೂಲು ಹಿಂದೆ ಒದೆಯಿತು, ಖಾಲಿ ಹಿತ್ತಾಳೆ ಹಾರಿತು, ಬಾಯಿ ಮುಚ್ಚಿತು. ಎರಡು. ಮುಚ್ಚಿತು. ಮೂರು. ಮೂರು! ರಿತೇಶನ ಕಣ್ಣು ಆ ಬಾಯಿಯ ಮೇಲೆಯೇ ನೆಟ್ಟಿತ್ತು. ನಾಲ್ಕು, ಐದು. ಬೆನ್ನ ಹಿಂದೆ ಮಗಳು ಕೂಗಿ ಎಣಿಸುತ್ತಿರುವುದು ಮುಚ್ಚಿದ ಕಿವಿಗೂ ಕೇಳುತ್ತಿತ್ತು. ಆರು. ಇಷ್ಟು ದೂರ ಅವನು ಯಾವತ್ತೂ ಬಂದಿರಲಿಲ್ಲ. ಏಳು. ಒಂದಾದ ಮೇಲೊಂದು ಗುಂಡು ತಾನಾಗಿ ಎದ್ದುಬಂದು ತನ್ನ ಜಾಗದಲ್ಲಿ ಕೂತುಕೊಳ್ಳುತ್ತಿತ್ತು. ಯಾರೂ ಯಾರನ್ನೂ ತಡೆಯುತ್ತಿರಲಿಲ್ಲ. ಎಂಟು. ಎಂಥ ಸಂತೋಷ ಇದು. ಒಂಬತ್ತು. ಹತ್ತು.

ಬಾಯಿ ತೆರೆದು ನಿಂತಿತು. ಒಳಗೆ ಏನೂ ಇರಲಿಲ್ಲ. ಈ ಸಲ ಅದು ಹಾಗೆ ನಿಲ್ಲಬೇಕಾದದ್ದೇ.

"ಹತ್ತು!" ನಾರ್ಬರ್ಟ್ ಬೆನ್ನಿಗೆ ಗುದ್ದಿದ. ಪಿಸ್ತೂಲು ಖಾಲಿಯೆಂದು ನೋಡಿ ಮೇಜಿನ ಮೇಲೆ ಇಡಿಸಿದ. ತೃಷಾ ಗೆರೆ ದಾಟಿ ಬಂದು ತಬ್ಬಿಕೊಂಡಳು. "ಪಪ್ಪಾ, ಯೂ ಡಿಡ್ ಇಟ್!" ರಿತೇಶನಿಗೆ ಕುಣಿಯಬೇಕೆನ್ನಿಸಿತು.

ನಾರ್ಬರ್ಟ್ ಗುಂಡಿ ಒತ್ತಿದ. ಗುರಿಹಾಳೆ ತಂತಿಯ ಮೇಲೆ ತೂಗಾಡುತ್ತ ಅವರ ಕಡೆ ಬರತೊಡಗಿತು. ಹತ್ತಿರ ಬಂತು. ಇನ್ನೂ ಹತ್ತಿರ ಬಂದು ನಿಂತಿತು.

ಅದರಲ್ಲಿ ಒಂದು ತೂತೂ ಇರಲಿಲ್ಲ.

ರಿತೇಶ ಕಾಗದ ತೆಗೆದು ಬೆಳಕಿಗೆ ಹಿಡಿದ. ಅಂಚು ನೋಡಿದ, ಮೂಲೆ ನೋಡಿದ. ಇಸ್ತ್ರಿ ಮಾಡಿದಷ್ಟು ಚೊಕ್ಕವಾಗಿತ್ತು. ಹತ್ತೂ ಎಲ್ಲಿ ಹೋದವು? ಹಿಂದಿನ ಮರಳಗೋಡೆಯೊಳಗೆ, ಎಲ್ಲೋ. ತಾನು ಒಮ್ಮೆಯಾದರೂ ಗುರಿಯ ಕಡೆ ನೋಡಿದ್ದೆನೇ ಎಂದು ನೆನಪಿಸಿಕೊಳ್ಳಲು ಯತ್ನಿಸಿದ. ನೆನಪಾಗಲಿಲ್ಲ.

"ಒಂದೂ ಬಿದ್ದಿಲ್ಲ," ಎಂದ.

"ಅದನ್ನು ಯಾರು ಕೇಳ್ತಾರೆ? ಗುಂಡು ಸಿಕ್ಕದೆ ಫೀಡ್ ಆದ್ರೆ ಸಾಕು, ರೂಲ್ ಅಷ್ಟೇ." ನಾರ್ಬರ್ಟ್ ಬೆಳ್ಳಿ ಬಣ್ಣದ ಮಾರ್ಕರ್ ತೆಗೆದ. ಪಾಸಾದವರ ಗುರಿಹಾಳೆಯ ಮೇಲೆ ಹೆಸರು ಬರೆದುಕೊಡುವುದು ಕ್ಲಬ್ಬಿನ ಪದ್ಧತಿ. ಬೆಳ್ಳಿ ಅಕ್ಷರ ಬಿಳಿಯ ಮೇಲೆ ಕಾಣುವುದಿಲ್ಲವೆಂದು ನಡುವಿನ ಕಪ್ಪಿನಲ್ಲೇ ದೊಡ್ಡದಾಗಿ ಬರೆದ: ರಿತೇಶ್ ಸಾಲಿಯಾನ್. ಅದರ ಕೆಳಗೆ, ಹತ್ತಕ್ಕೆ ಹತ್ತು.

ಅಷ್ಟಾದರೂ ಅವನ ಸಂತೋಷ ಕಡಿಮೆಯಾಗಿರಲಿಲ್ಲ. ಅದು ಎದೆಯಲ್ಲಿ ಹಾಗೇ ತುಂಬಿಕೊಂಡಿತ್ತು. ಗುರಿ ತಪ್ಪಿದ್ದಕ್ಕೆ ಒಂದಿಷ್ಟಾದರೂ ಕಡಿಮೆಯಾಗಿದ್ದರೆ ಸಮಾಧಾನವಾಗುತ್ತಿತ್ತು ಎನ್ನಿಸಿ ಅವನಿಗೆ ಸಣ್ಣಗೆ ಹೆದರಿಕೆಯಾಯಿತು.

ಹೊರಕೋಣೆಯಲ್ಲಿ ತೃಷಾ ಅವನನ್ನು ಖಾಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಿಸಿ, ಕಾಗದ ಕೈಗಿತ್ತು, ಮೊಬೈಲ್ ಹಿಡಿದು ನಾಲ್ಕು ಹೆಜ್ಜೆ ಹಿಂದೆ ಸರಿದಳು.

"ಪಪ್ಪಾ, ಹೈಯರ್. ಸ್ವಲ್ಪ ಮೇಲೆ. ಮುಖಕ್ಕೆ ಅಡ್ಡ ಬೇಡ."

ಅವನು ಕಾಗದವನ್ನು ಎತ್ತಿ ಎದೆಗೆ ಹಿಡಿದ. ಕಪ್ಪು ವೃತ್ತ ಸರಿಯಾಗಿ ನಡುವಿಗೆ ಬಂತು.

"ಪರ್ಫೆಕ್ಟ್. ಡೋಂಟ್ ಮೂವ್."

ಅವಳು ಒಂದು ಕಣ್ಣು ಕಿರಿದು ಮಾಡಿದಳು. ರಿತೇಶ ಅಲುಗಾಡದೆ, ಹಲ್ಲು ಕಾಣುವಂತೆ ನಗುತ್ತ, ಕಾಯುತ್ತ ನಿಂತ.