ಪೆನ್ನು ಎತ್ತಿದರೆ ಬಂದ್

"ಏಯ್ ಮೈಕು, ಇದೇನು ನಿಮ್ಮಪ್ಪನ ಮನೆ ಜಗಲಿನಾ? ವೈರು ಕಾಲಿಗೆ ಸಿಗೋ ಹಾಗೆ ಬಿಟ್ಟು ಮಲಗಿದ್ದೀಯಲ್ಲ ನನ್ಮಗನೆ. ಸಾಹೇಬ್ರು ಮುಗ್ಗರಿಸಿದ್ರೆ ನಿನ್ನ ಚರ್ಮ ಸುಲಿದು ಅದನ್ನೇ ಹಾಸ್ತೀನಿ."

ಮೈಕಿನವನು ಮಲಗಿರಲಿಲ್ಲ. ವೇದಿಕೆಯ ಅಡಿಯಲ್ಲಿ ಹೊಟ್ಟೆಯ ಮೇಲೆ ತೆವಳುತ್ತ, ಹಲ್ಲಿನಲ್ಲಿ ಟೇಪು ಕಚ್ಚಿಕೊಂಡು, ವೈರನ್ನು ನೆಲಕ್ಕೆ ಅಂಟಿಸುತ್ತಿದ್ದ. ಮೂಗಿನ ಮುಂದೆಯೇ ಸಾಹೇಬರ ಪಿ.ಎ.ಯ ಬೂಟುಗಳು ಬಂದು ನಿಂತವು. "ಬಂದೆ ಸಾರ್" ಎಂದು ತಲೆ ಎತ್ತಿದವನ ನೆತ್ತಿಗೆ ಹಲಗೆ ಬಡಿಯಿತು. ಪಿ.ಎ. ನಕ್ಕ. ಕುರ್ಚಿ ಹಾಕುತ್ತಿದ್ದವರೂ ನಕ್ಕರು. ನಗದೆ ಇದ್ದರೆ ಅವರಿಗೂ ಒಂದು ಮಾತು ಬೀಳುತ್ತಿತ್ತು.

ಬೆಳಿಗ್ಗೆ ಏಳರಿಂದ ಅವನು ಆ ಸಭಾಂಗಣದಲ್ಲಿದ್ದ. ಎಂಟು ಸ್ಪೀಕರ್ ಬಾಕ್ಸುಗಳನ್ನು ಒಬ್ಬನೇ ಬೆನ್ನ ಮೇಲೆ ಹೊತ್ತು ತಂದು ಗೋಡೆಗೆ ಒರಗಿಸಿದ್ದ. ಮುನ್ನೂರು ಪ್ಲಾಸ್ಟಿಕ್ ಕುರ್ಚಿ, ಮುಂದಿನ ಎರಡು ಸಾಲಿಗೆ ಮಾತ್ರ ಬಟ್ಟೆಯ ಹೊದಿಕೆ. ವೇದಿಕೆಯ ಮೇಲೆ ಬ್ಯಾನರು: ಜನರ ಮಾತು, ಜನರ ತೀರ್ಮಾನ. ಜನರನ್ನು ಕೇಳದೆ ಸರ್ಕಾರಿ ಆಸ್ಪತ್ರೆಯನ್ನು ಕಂಪನಿಗೆ ಒಪ್ಪಿಸುವಂತಿಲ್ಲ ಎಂದು ಕಾಯಿದೆಯಲ್ಲಿ ಎಲ್ಲೋ ಒಂದು ಸಾಲು ಉಳಿದುಬಿಟ್ಟಿತ್ತಂತೆ. ಅದಕ್ಕಾಗಿ ಈ ಸಭೆ.

"ಇಲ್ಲಿ ನೋಡು," ಪಿ.ಎ. ಜೇಬಿನಿಂದ ಬೆಳ್ಳಿ ಬಣ್ಣದ ಪೆನ್ನು ತೆಗೆದ. "ಜನ ಮಾತಾಡೋವಾಗ ನನ್ನ ಕೈ ಮೇಲೆ ಕಣ್ಣಿರಲಿ. ಪೆನ್ನು ಎತ್ತಿದ್ರೆ ಕೆಳಗಿನ ಮೈಕು ಬಂದ್. ತಿಳೀತಾ?"

"ಒಂದೇಟಿಗೆ ಬಂದ್ ಮಾಡಿದ್ರೆ ಎಲ್ರಿಗೂ ಗೊತ್ತಾಗುತ್ತೆ ಸಾರ್. ಮೆಲ್ಲಗೆ ಇಳಿಸಿದ್ರೆ ಸೆಟ್ಟೇ ಕೈ ಕೊಡ್ತು ಅಂದ್ಕೋತಾರೆ."

ಹೇಳಿದ ಮೇಲೆ ಮೈಕಿನವನು ನಾಲಿಗೆ ಕಚ್ಚಿಕೊಂಡ. ಇಪ್ಪತ್ತು ವರ್ಷದ ಕಸುಬು. ಕೇಳಿದವನು ಎಂಥವನು ಎಂದು ನೋಡುವ ಮೊದಲೇ ಬಾಯಿಗೆ ಬಂದುಬಿಟ್ಟಿತ್ತು.

ಪಿ.ಎ. ಅವನ ಬೆನ್ನು ತಟ್ಟಿದ. "ಪರವಾಗಿಲ್ವೆ, ತಲೆ ಇದೆ ನಿನಗೆ." ಒಂದು ಪೆನ್‌ಡ್ರೈವ್ ಅವನ ಅಂಗೈಗೆ ಹಾಕಿದ. "ಇದರಲ್ಲಿ ಚಪ್ಪಾಳೆ ಇದೆ. ಸಾಹೇಬ್ರು 'ನಿಮ್ಮೆಲ್ಲರ ಒಪ್ಪಿಗೆ ಇದೆಯಾ' ಅಂದ ತಕ್ಷಣ ಹಾಕು. ಹಿಂದಿನ ಬಾಕ್ಸಿನಿಂದ ಶುರು ಆಗಲಿ. ಹಿಂದಿನವರು ತಟ್ಟಿದ್ರೆ ಮುಂದಿನವರು ತಾನಾಗೇ ತಟ್ತಾರೆ."

"ಸಾರ್, ಅಕ್ಕನ ಅರ್ಜಿ..."

ಪಿ.ಎ. ಅಂಗಿಯ ಜೇಬಿನಿಂದ ನಾಲ್ಕು ಮಡಿಕೆಯ ಕಾಗದವನ್ನು ಅರ್ಧ ಮೇಲೆತ್ತಿ ತೋರಿಸಿ ಮತ್ತೆ ಒಳಗೆ ತಳ್ಳಿದ. "ಇಲ್ಲೇ ಇದೆ, ಎದೆ ಹತ್ತಿರ. ಸಭೆ ಸುಸೂತ್ರವಾಗಿ ಮುಗೀಲಿ. ಸಂಜೆ ಸಹಿ ಆಗುತ್ತೆ."

ಮೈಕಿನವನಿಗೆ ತಾಯಿಯ ಮುಖ ನೆನಪಿಲ್ಲ. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಸ್ ಸ್ಟ್ಯಾಂಡ್ ಗುಡಿಸಿದವಳು ಅಕ್ಕ. ಅದೇ ಬಸ್ ಸ್ಟ್ಯಾಂಡನ್ನು ಮೂವತ್ತೆರಡು ವರ್ಷ ಗುಡಿಸಿದಳು. ಮೂರು ವರ್ಷದ ಹಿಂದೆ ಅವಳ ಎರಡೂ ಕಿಡ್ನಿ ಕೆಟ್ಟವು. ಅಂದಿನಿಂದ ಬುಧವಾರ, ಶನಿವಾರ ಸರ್ಕಾರಿ ಆಸ್ಪತ್ರೆಯ ಡಯಾಲಿಸಿಸ್ ಕೋಣೆಯಲ್ಲಿ ನಾಲ್ಕು ನಾಲ್ಕು ಗಂಟೆ ಮಲಗಿ ಎದ್ದು ಬರುತ್ತಿದ್ದಳು. ಬಡವರ ಕಾರ್ಡ್ ತೋರಿಸಿದರೆ ಸಾಕಿತ್ತು, ಕಾಸು ಕೊಡಬೇಕಿರಲಿಲ್ಲ.

ಹೋದ ತಿಂಗಳು ಕಾರ್ಡುಗಳ ಮರುಪರಿಶೀಲನೆ ಎಂದು ಒಬ್ಬ ಮನೆಗೆ ಬಂದ. ಚಪ್ಪಲಿ ಬಿಡದೆ ಒಳಗೆ ನಡೆದು, ಮೂಲೆಯಲ್ಲಿ ಒಂದರ ಮೇಲೊಂದು ಜೋಡಿಸಿದ್ದ ಬಾಕ್ಸುಗಳನ್ನು ಬೆರಳು ಮಡಿಸಿ ಎಣಿಸಿದ. ಆ ಬಾಕ್ಸುಗಳ ಮೇಲೇ ಹಾಸಿಗೆ ಹಾಸಿ ಮೈಕಿನವನು ಮಲಗುತ್ತಿದ್ದುದನ್ನು ಅವನು ಕೇಳಲಿಲ್ಲ. ಕುಟುಂಬಕ್ಕೆ ಸ್ವಂತ ಉದ್ಯಮವಿದೆ ಎಂದು ಬರೆದುಕೊಂಡು ಹೋದ. ಎಂಟು ದಿನಕ್ಕೆ ಅಕ್ಕನ ಕಾರ್ಡು ರದ್ದಾಯಿತು. ಅದನ್ನು ಮರಳಿ ಕೊಡಿ ಎಂದು ಬರೆದ ಅರ್ಜಿಯೇ ಈಗ ಪಿ.ಎ.ಯ ಜೇಬಿನಲ್ಲಿದ್ದದ್ದು. ಬರುವ ಶನಿವಾರವೇ ಕೊನೆಯ ಸರದಿ. ಅದಾದ ಮೇಲೆ ಎಷ್ಟು ದಿನ ಎಂದು ಮೈಕಿನವನು ನರ್ಸಮ್ಮನನ್ನು ಕೇಳಿದ್ದ. "ಹತ್ತು ದಿನ ಎಳೆದ್ರೆ ಹೆಚ್ಚು. ಅವರ ಮುಂದೆ ಹೇಳ್ಬೇಡಪ್ಪ" ಎಂದಿದ್ದಳು ಆಕೆ.

ಹೇಳುವ ಅಗತ್ಯವಿರಲಿಲ್ಲ. ಪಕ್ಕದ ಮಂಚಗಳು ಖಾಲಿಯಾಗುವುದನ್ನು ಅಕ್ಕ ಮೂರು ವರ್ಷದಿಂದ ನೋಡುತ್ತಿದ್ದಳು.

"ನಾನೀಗ ಸಾಹುಕಾರ್ತಿ ಕಣೋ, ಎಂಟು ಬಾಕ್ಸಿನ ಒಡತಿ," ಎಂದಿದ್ದಳು ಕಾರ್ಡು ರದ್ದಾದ ದಿನ. "ಇನ್ಮೇಲೆ ನನ್ನ ಎದುರು ಕೈ ಕಟ್ಟಿ ನಿಲ್ಲು."

"ಮಾರಿಬಿಡ್ತೀನಿ ಅಕ್ಕ ಇವನ್ನ."

"ಮಾರಿ ಏನು ತಿಂತೀಯ, ವೈರಾ?"

ಹನ್ನೊಂದಕ್ಕೆ ಬರಬೇಕಾದ ಸಾಹೇಬರು, ಊರು ಓಟು ಹಾಕಿ ಆರಿಸಿದ ಪ್ರತಿನಿಧಿಗಳು, ಒಂದೂವರೆಗೆ ಬಂದರು. ಬಾಗಿಲಲ್ಲಿ ಎರಡು ಕೆಲಸ ನಡೆಯುತ್ತಿದ್ದವು: ಒಬ್ಬ ಎಲ್ಲರ ಕಾರ್ಡಿನ ನಂಬರ್ ಬರೆದುಕೊಳ್ಳುತ್ತಿದ್ದ, ಇನ್ನೊಬ್ಬ ನೀರಿನ ಬಾಟಲಿ ಕೊಡುತ್ತಿದ್ದ. ನಂಬರ್ ಕೊಡದವರಿಗೆ ಬಾಟಲಿಯೂ ಇಲ್ಲ, ಒಳಗೆ ದಾರಿಯೂ ಇಲ್ಲ.

ಪ್ರತಿನಿಧಿಗಳು ಮುಕ್ಕಾಲು ಗಂಟೆ ಮಾತಾಡಿದರು. ಆಸ್ಪತ್ರೆ ಎಲ್ಲಿಗೂ ಹೋಗುವುದಿಲ್ಲ ಎಂದರು. ಗೋಡೆ ಅದೇ, ಬಾಗಿಲು ಅದೇ, ನಡೆಸುವ ಕೈ ಮಾತ್ರ ಬೇರೆ ಎಂದರು. ಕೊನೆಗೆ ಚಪ್ಪಾಳೆ ತಟ್ಟಿ ಒಪ್ಪಿಗೆ ಕೊಟ್ಟರೆ ಸಾಕು ಎಂದರು. "ಈಗ ನೀವು ಮಾತಾಡಿ, ನಾನು ಕೇಳಿಸಿಕೊಳ್ತೀನಿ" ಎಂದು ಕುಳಿತು ಫೋನ್ ತೆಗೆದರು.

ಮೊದಲು ಎದ್ದವಳು ಬಟ್ಟೆ ಒಗೆಯುವ ಮುದುಕಿ. ಕಾರ್ಡ್‌ಲೆಸ್ ಮೈಕನ್ನು ಎರಡೂ ಕೈಯಲ್ಲಿ ಹಿಡಿದಳು. "ಸ್ವಾಮಿ, ನನ್ನ ವಿಧವಾ ಪಿಂಚಣಿ ಆರು ತಿಂಗಳಿಂದ ಬಂದಿಲ್ಲ. ಆಫೀಸಿಗೆ ಹೋದ್ರೆ, ಗಂಡ ಸತ್ತಿದ್ದಾನೆ ಅಂತ ಮತ್ತೆ ರುಜುವಾತು ತಗೊಂಡು ಬಾ ಅಂತಾರೆ. ಅವನೇನು ವರ್ಷಾ ವರ್ಷಾ..."

ಪೆನ್ನು ಮೇಲೆದ್ದಿತು. ಮೈಕಿನವನ ಬೆರಳು ಮೇಜಿನ ಮೇಲಿನ ಮಿಕ್ಸರಿನಲ್ಲಿ ಗುಂಡಿಯನ್ನು ಮೆಲ್ಲನೆ ಕೆಳಗೆ ಎಳೆಯಿತು. ಮುದುಕಿಯ ದನಿ ತೆಳ್ಳಗಾಗುತ್ತ ಆರಿತು. ಅವಳು ಮಾತಾಡುತ್ತಲೇ ಇದ್ದಳು, ತುಟಿ ಮಾತ್ರ ಕಾಣುತ್ತಿತ್ತು. ಮುಗಿಸಿ ಕೈಮುಗಿದು ಕುಳಿತಳು. ತಾನು ಹೇಳಿದ್ದು ತಲುಪಿತು ಎಂದುಕೊಂಡಳೇನೋ.

ಎರಡನೆಯವರು ನಿವೃತ್ತ ಮೇಷ್ಟ್ರು. ಕಾಯಿದೆಯ ಪ್ರತಿಯನ್ನೇ ತಂದಿದ್ದರು. "ಇಲ್ಲಿ ಕೈ ಎತ್ತಿಸಿ ಲೆಕ್ಕ ಹಾಕಬೇಕು ಅಂತಿದೆ, ಚಪ್ಪಾಳೆ ಅಂತ ಎಲ್ಲೂ..." ಎನ್ನುವಷ್ಟರಲ್ಲಿ ಪೆನ್ನು ಎದ್ದಿತು. ಮೇಷ್ಟ್ರು ಮೈಕನ್ನು ಬೆರಳಿನಿಂದ ತಟ್ಟಿದರು, ಊದಿದರು.

"ಏ ಮೈಕು, ಎಂಥಾ ಡಬ್ಬಾ ಸೆಟ್ಟೋ ಮಾರಾಯ, ಗುಜರಿಯಿಂದ ತಂದ್ಯಾ?" ಯಾರೋ ಕೂಗಿದರು. ಸಭೆ ನಕ್ಕಿತು. ಪ್ರತಿನಿಧಿಗಳೂ ಫೋನಿನಿಂದ ತಲೆ ಎತ್ತಿ ನಕ್ಕರು. ಮೈಕಿನವನು ಯಾವುದೋ ವೈರನ್ನು ಸುಮ್ಮನೆ ಅಲುಗಾಡಿಸಿದ.

ಆಗ ಅವನು ಮಾತಾಡಲು ನಿಂತವರ ಸಾಲಿನಲ್ಲಿ ಅಕ್ಕನನ್ನು ಕಂಡ. ಉದ್ದ ತೋಳಿನ ರವಿಕೆ, ಊದಿದ ಕಾಲು, ಗೋಡೆಗೆ ಒಂದು ಕೈ. ಮೇಜು ಬಿಟ್ಟು ಓಡಿದ.

"ನೀನ್ಯಾಕೆ ಬಂದೆ?"

"ಯಾಕೆ, ನನಗೆ ಓಟಿಲ್ವಾ?"

"ಅಕ್ಕ, ಕಾಲಿಗೆ ಬೀಳ್ತೀನಿ, ಮನೆಗೆ ಹೋಗು. ನಿನ್ನ ಅರ್ಜಿ ಪಿ.ಎ. ಜೇಬಲ್ಲಿದೆ. ಸಂಜೆ ಸಹಿ ಹಾಕಿಸ್ತಾನೆ. ಏನೂ ಗಲಾಟೆ ಆಗಬಾರದು, ಅಷ್ಟೆ."

ಅಕ್ಕ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. "ಓ. ಅದಕ್ಕೇನಾ ನಿನ್ನ ಸೆಟ್ಟು ಕೆಟ್ಟಿರೋದು." ಸ್ವಲ್ಪ ಹೊತ್ತು ಉಸಿರು ಕೂಡಿಸಿಕೊಂಡಳು. "ನನ್ನ ಪಕ್ಕದ ಬೆಡ್ಡಿನ ಟೈಲರಮ್ಮನ ಅರ್ಜಿ ಯಾರ ಜೇಬಲ್ಲಿದೆ?"

"ನನಗೆ ಗೊತ್ತಿಲ್ಲ."

"ಪಾಪ, ಅವಳಿಗೆ ಮೈಕಿಡೋ ತಮ್ಮ ಇಲ್ಲ. ಹೋಗು, ನಿನ್ನ ಕೆಲಸ ನೀನು ಮಾಡು."

ವೇದಿಕೆಯ ಮೇಲಿಂದ ಪಿ.ಎ. ಚಿಟಿಕೆ ಹೊಡೆದ, ನಾಯಿಗೆ ಹೊಡೆಯುವ ಹಾಗೆ. ಮೈಕಿನವನು ವಾಪಸು ಬಂದು ಕುಳಿತ.

ಅಕ್ಕನ ಸರದಿ ಬಂತು.

"ಸಾಹೇಬ್ರೇ, ನಾನು ಬಸ್ ಸ್ಟ್ಯಾಂಡ್ ಗುಡಿಸ್ತಿದ್ದೋಳು. ನೀವು ಓಟು ಕೇಳೋಕೆ ಬಂದಾಗ ನಿಮ್ಮ ಕಾರು ನಿಲ್ಲಿಸೋ ಜಾಗಾನೂ ನಾನೇ ಗುಡಿಸಿದ್ದು. ಡಯಾಲಿಸಿಸ್ ಕೋಣೇಲಿ ನಾವು ಹದಿನಾಲ್ಕು ಜನ. ಒಂಬತ್ತು ಜನರ ಕಾರ್ಡು ಕಿತ್ಕೊಂಡಿದ್ದೀರಿ. ಶನಿವಾರ ಆದ್ಮೇಲೆ ನಾವು ಒಂಬತ್ತು ಜನ ಎಲ್ಲಿಗೆ..."

ಪೆನ್ನು ಎದ್ದಿತು. ಅದರ ಹಿಂದೆ ಪಿ.ಎ.ಯ ಇನ್ನೊಂದು ಕೈ ಅಂಗಿಯ ಜೇಬನ್ನು ಎರಡು ಸಲ ಮೆತ್ತಗೆ ತಟ್ಟಿತು.

ಮೈಕಿನವನು ಇಳಿಸಿದ. ಅಕ್ಕನ ದನಿ ಎಂಟೂ ಬಾಕ್ಸುಗಳಿಂದ ಇಳಿದುಹೋಯಿತು. ತಲೆ ತಗ್ಗಿಸಿ ಮಿಕ್ಸರನ್ನೇ ನೋಡುತ್ತ ಕುಳಿತ.

ಅಕ್ಕ ಕೂಗಾಡಲಿಲ್ಲ. ಕೂಗಲು ಉಸಿರೂ ಇರಲಿಲ್ಲ. ರವಿಕೆಯ ಎಡತೋಳನ್ನು ಮೇಲಕ್ಕೆ ಸರಿಸಿದಳು. ಮೊಣಕೈಯ ಕೆಳಗೆ, ಯಂತ್ರದ ಸೂಜಿ ಚುಚ್ಚಲೆಂದು ಡಾಕ್ಟರು ಎರಡು ರಕ್ತನಾಳ ಸೇರಿಸಿ ಹೊಲಿದ ಜಾಗ ಹಗ್ಗದಂತೆ ಉಬ್ಬಿಕೊಂಡಿತ್ತು. ಅದರೊಳಗೆ ರಕ್ತ ಹಗಲೂ ರಾತ್ರಿ ನುಗ್ಗಿ ಹರಿಯುತ್ತದೆ. ಹತ್ತಿರ ಕಿವಿಯಿಟ್ಟರೆ ಕೇಳುತ್ತದೆ. ಅವಳು ಮೈಕನ್ನು ಅದರ ಮೇಲೆ ಒತ್ತಿ ಹಿಡಿದಳು.

ಮಿಕ್ಸರಿನ ಮೇಲೆ ಆ ಮೈಕಿನ ಸಾಲಿನಲ್ಲಿ ಸಣ್ಣ ಹಸಿರು ದೀಪವೊಂದು ಹೊತ್ತಿತು, ಆರಿತು. ಹೊತ್ತಿತು, ಆರಿತು. ಸಭೆಗೆ ಏನೂ ಕೇಳುತ್ತಿರಲಿಲ್ಲ. ಆ ದೀಪ ಕಾಣುತ್ತಿದ್ದುದು ಮೈಕಿನವನಿಗೆ ಮಾತ್ರ. ಅವನು ಎಷ್ಟು ಹೊತ್ತು ಅದನ್ನೇ ನೋಡಿದನೋ. ಪೆನ್ನು ಮೇಲೆಯೇ ಇತ್ತು. ಅವನು ಗುಂಡಿಯನ್ನು ಮೇಲಕ್ಕೆ ತಳ್ಳಿದ. ದಪ್ಪ ದನಿಯ ಬಾಸ್ ಗುಂಡಿ ತಿರುಗಿಸಿದ. ಕೊನೆಯವರೆಗೂ ತಿರುಗಿಸಿದ.

ಝುಂಯ್. ಝುಂಯ್. ಝುಂಯ್.

ಎಂಟು ಬಾಕ್ಸುಗಳು ಒಟ್ಟಿಗೆ ಉಸಿರಾಡತೊಡಗಿದವು. ಕುರ್ಚಿಯ ಕಾಲುಗಳು ನೆಲದ ಮೇಲೆ ಸಣ್ಣಗೆ ನಡುಗಿದವು. ಮೇಜಿನ ಮೇಲಿನ ಬಾಟಲಿಗಳಲ್ಲಿ ನೀರು ಅಲುಗಿತು. ಸಭೆಯ ಗುಜುಗುಜು ನಿಂತಿತು.

ಪ್ರತಿನಿಧಿಗಳು ಫೋನ್ ಕೆಳಗಿಟ್ಟರು. "ಏನಯ್ಯ ಅದು ದರಿದ್ರ ಶಬ್ದ? ಸೆಟ್ ಕೆಟ್ಟಿದೆಯಾ?"

ಮೈಕಿನವನು ಎದ್ದು ನಿಂತ. "ಸೆಟ್ ಸರಿ ಇದೆ ಸಾರ್. ಅದು ನಮ್ಮಕ್ಕ."

ಪಿ.ಎ. ಜೇಬಿನಿಂದ ಅರ್ಜಿ ತೆಗೆದ. ಮೈಕಿನವನಿಗೆ ಕಾಣುವಂತೆ ಹಿಡಿದು ಎರಡಾಗಿ ಹರಿದ. ನಾಲ್ಕಾಗಿ ಹರಿದ. ಮೈಕಿನವನು ನೋಡುತ್ತ ನಿಂತ, ಗುಂಡಿಯ ಮೇಲಿನ ಕೈ ತೆಗೆಯಲಿಲ್ಲ. "ಬೋಳಿಮಗನೆ" ಎಂದು ಪಿ.ಎ. ವೇದಿಕೆಯಿಂದ ಧುಮುಕಿ ಗೋಡೆಯ ಕಡೆ ಓಡಿ ಮೇನ್ ಸ್ವಿಚ್ ಎಳೆದ.

ಶಬ್ದ ನಿಂತಿತು. ಫ್ಯಾನು, ದೀಪ ಎಲ್ಲ ನಿಂತವು. ಮುನ್ನೂರು ತಲೆಗಳು ಒಟ್ಟಿಗೆ ಅಕ್ಕನ ಕಡೆ ತಿರುಗಿದವು, ಅವಳು ಇದ್ದಾಳೋ ಇಲ್ಲವೋ ಎಂಬಂತೆ.

ಅಕ್ಕ ನಿಂತೇ ಇದ್ದಳು. ಮೈಕು ಬೇಡವೆಂದು ಪಕ್ಕದವರ ಕೈಗೆ ಕೊಟ್ಟು ತೋಳನ್ನು ಮುಂದೆ ಚಾಚಿದಳು. ಬಟ್ಟೆ ಒಗೆಯುವ ಮುದುಕಿ ಎದ್ದು ಬಂದು, ಸೆರಗು ಸರಿಸಿ, ಬಗ್ಗಿ ಅದಕ್ಕೆ ಕಿವಿ ಇಟ್ಟಳು. "ಓಡ್ತಾ ಇದೆ ಕಣ್ರೇ" ಎಂದಳು. ಅವಳ ಹಿಂದೆ ಮೇಷ್ಟ್ರು. ಮೇಷ್ಟ್ರ ಹಿಂದೆ ಟೈಲರಮ್ಮ, ಆಮೇಲೆ ಕುರ್ಚಿ ಹಾಕಿದವರು. ಸಾಲು ಬಾಗಿಲವರೆಗೆ ಬೆಳೆಯಿತು.

ಕಾರ್ಡ್ ನಂಬರ್ ಬರೆದುಕೊಂಡಿದ್ದವನು ಫೋನ್ ಹಿಡಿದು ಅಕ್ಕನ ಪಕ್ಕಕ್ಕೆ ಬಂದು ನಿಂತ. ಬಗ್ಗಿದ ಒಂದೊಂದು ಮುಖದ ಫೋಟೋ ತೆಗೆದ. "ನಿಮ್ಮ ಕಾರ್ಡ್ ಚಾಲ್ತೀಲಿ ಇದೆ ಅಲ್ವಾ?" ಎಂದು ಒಬ್ಬೊಬ್ಬರನ್ನೂ ಮೆಲುದನಿಯಲ್ಲಿ, ಮರ್ಯಾದೆಯಿಂದ ಕೇಳಿದ. ನಾಲ್ಕೈದು ಜನ ಸಾಲು ಬಿಟ್ಟು ಗೋಡೆಯ ಬದಿಗೆ ಸರಿದರು. ಉಳಿದವರು ಸರಿಯಲಿಲ್ಲ. ಹೊರಗೆ ಜೀಪುಗಳು ಬಂದು ನಿಂತ ಸದ್ದಾಯಿತು. ಯಾರೋ ಹೊರಗಿನಿಂದ ಬಾಗಿಲೆಳೆದು ಚಿಲಕ ಹಾಕಿದರು.

ಮೈಕಿನವನು ಸಾಲಿನ ಕೊನೆಯಲ್ಲಿ ನಿಂತಿದ್ದ. ಅವನ ಸರದಿ ಬಂದಾಗ ಅಕ್ಕನ ತೋಳು ಸೋತು ಕೆಳಗಿಳಿಯುತ್ತಿತ್ತು. ಅವನು ಎರಡೂ ಕೈಯಿಂದ ಅದನ್ನು ಎತ್ತಿ ಹಿಡಿದ.

"ನಿನ್ನ ಫೋಟೋ ಬೇಡ ಬಿಡು, ನಿನ್ನ ವಿಳಾಸ ನಮ್ಮತ್ರ ಇದೆ," ಎಂದ ಫೋನಿನವನು.

"ಇರಲಿ, ಹತ್ತಿರದಿಂದ ಒಂದು ತಗೋ," ಎಂದು ಮೈಕಿನವನು ಮುಖವನ್ನು ಅವನ ಕಡೆ ತಿರುಗಿಸಿಕೊಂಡೇ ಅಕ್ಕನ ತೋಳಿಗೆ ಕಿವಿ ಇಟ್ಟ.